ಬೆಂಗಳೂರಲ್ಲಿ ನಡೆದೇ ಓಡಾಡಬಹುದಾದ ಜಾಗದಲ್ಲಿ ಮನೆ ಹಿಡಿಯುವುದು ಹೇಗೆ? ಹೊಸದಾಗಿ ಬರುವವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯಿಂದ ಕೆಲಸದ ಮೇಲೆ ಬೆಂಗಳೂರಿಗೆ ಬರುವವರು ಮೊದಲು ಕೇಳುವುದು "ಯಾವ ಏರಿಯಾ ಒಳ್ಳೇದು?" ಎಂದು. ಆ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ. ಒಂದೇ ಜಯನಗರದಲ್ಲಿ ಮೆಟ್ರೋಗೆ ಐದು ನಿಮಿಷ ನಡೆದರೆ ಸಾಕಾಗುವ ಮನೆಯೂ ಇದೆ, ಬಸ್ಸು, ಆಟೋ ಎಂದು ಪರದಾಡಬೇಕಾದ ಮನೆಯೂ ಇದೆ. ನೀವು ಆರಿಸಬೇಕಾದ್ದು ಏರಿಯಾವನ್ನಲ್ಲ, ಮನೆಯ ಗೇಟಿನಿಂದ ದಿನವೂ ಕಾಲಿಡಬೇಕಾದ ಮೂರು ನಾಲ್ಕು ರಸ್ತೆಗಳನ್ನು. ಆ ರಸ್ತೆಗಳು ಚೆನ್ನಾಗಿದ್ದರೆ ಅಡುಗೆಮನೆ ಸ್ವಲ್ಪ ಇಕ್ಕಟ್ಟಾದರೂ ನಡೆಯುತ್ತದೆ. ಅವು ಕೆಟ್ಟಿದ್ದರೆ ಈಜುಕೊಳ, ಕ್ಲಬ್‌ಹೌಸ್ ಇದ್ದರೂ ಬೆಳಗಾದರೆ ಆಟೋ ಹುಡುಕುವ ಪಾಡು ತಪ್ಪದು.

ಮೊದಲ ಹೆಜ್ಜೆ: ಆಫೀಸಿನಿಂದ ಹಿಂದಕ್ಕೆ ಬನ್ನಿ

ಮನೆಯಿಂದ ಶುರು ಮಾಡಬೇಡಿ. ಆಫೀಸು ಯಾವ ಕಟ್ಟಡ, ಯಾವ ಗೇಟು, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಖಚಿತ ಮಾಡಿಕೊಳ್ಳಿ. "ವೈಟ್‌ಫೀಲ್ಡ್" ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿನ ಎರಡು ಕ್ಯಾಂಪಸ್‌ಗಳ ನಡುವೆಯೇ ನಾಲ್ಕೈದು ಕಿಲೋಮೀಟರ್ ಇರುತ್ತದೆ. ಆ ಗೇಟಿಗೆ ನಡೆದು ತಲುಪಬಹುದಾದ ಮೆಟ್ರೋ ನಿಲ್ದಾಣವೋ ಬಸ್‌ ಸ್ಟಾಪೋ ಯಾವುದು ಎಂದು ಕಂಡುಕೊಂಡ ಮೇಲೆ, ಆ ಮಾರ್ಗದಲ್ಲಿ ಎಲ್ಲೂ ಬದಲಾಯಿಸದೆ ಸಿಗುವ ನಿಲ್ದಾಣಗಳ ಪಟ್ಟಿ ಮಾಡಿ. ನಿಮ್ಮ ಹುಡುಕಾಟದ ನಕ್ಷೆ ಅದೇ.

ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ 2023ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ಹಾಗಾಗಿ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್ ಐಟಿಪಿಎಲ್ ಹತ್ತಿರ ಕೆಲಸವಿದ್ದವರು ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವಂತೆ ಇಂದಿರಾನಗರದಲ್ಲೂ ಇರಬಹುದು, ಸುಮಾರು ಒಂದು ಗಂಟೆ ಕೂತು ಬರಲು ಒಪ್ಪಿದರೆ ವಿಜಯನಗರದಲ್ಲೂ ಇರಬಹುದು. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗವಿದೆ. ಅದು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಕೂಡಿಕೊಳ್ಳುತ್ತದೆ. ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ಲೇಔಟ್ ನಿಲ್ದಾಣಗಳ ಸುತ್ತ ಮನೆ ಹಿಡಿದವರಿಗೆ ಬದಲಾಯಿಸುವ ತೊಂದರೆಯೇ ಇಲ್ಲ. ಬೆಳ್ಳಂದೂರು, ಮಾರತಹಳ್ಳಿ ಕಡೆಯ ಹೊರವರ್ತುಲ ರಸ್ತೆಯಲ್ಲಿ ಆಫೀಸಿದ್ದರೆ 500 ಸರಣಿಯ ಬಿಎಂಟಿಸಿ ಬಸ್ಸುಗಳೇ ಆಧಾರ, ಆ ಬಸ್ಸಿನ ಸ್ಟಾಪ್‌ಗಳನ್ನೇ ನಿಲ್ದಾಣ ಎಂದು ಹಿಡಿದು ಲೆಕ್ಕ ಹಾಕಿ.

ಇಲ್ಲಿ ಬಹಳ ಜನ ಮಾಡುವ ತಪ್ಪು, ಮುಂದೆ ಬರಲಿರುವ ಮೆಟ್ರೋವನ್ನು ನಂಬಿ ಈಗಲೇ ಮನೆ ಹಿಡಿಯುವುದು. ಹಳದಿ ಮಾರ್ಗವೇ ಹೇಳಿದ ಗಡುವುಗಳನ್ನೆಲ್ಲ ದಾಟಿ ವರ್ಷಗಟ್ಟಲೆ ತಡವಾಗಿ ತೆರೆಯಿತು. ಕಾಮಗಾರಿ ನಡೆಯುವಷ್ಟೂ ಕಾಲ ಆ ರಸ್ತೆಯಲ್ಲಿ ಬ್ಯಾರಿಕೇಡ್ ಇರುತ್ತದೆ, ಫುಟ್‌ಪಾತ್ ಇರುವುದಿಲ್ಲ. ಬಾಡಿಗೆದಾರರು ಇಂದು ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು: ಮ್ಯಾಪ್ ಮೇಲೆ ಸೋಸುವುದು

ಜಾಹೀರಾತಿನಲ್ಲಿ "ಮೆಟ್ರೋಗೆ 1 ಕಿ.ಮೀ." ಎಂದಿದ್ದರೆ ಅದು ಹೆಚ್ಚಾಗಿ ನೇರ ಗೆರೆ ಎಳೆದ ದೂರ. ಕಾಲಿಗೆ ಅದು ಒಂದೂವರೆ ಕಿಲೋಮೀಟರ್ ಆಗಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ಹೆಸರನ್ನಲ್ಲ, ಅದರ ನಿರ್ದಿಷ್ಟ ಪ್ರವೇಶ ದ್ವಾರವನ್ನು ಒತ್ತಿ, ಅಲ್ಲಿಂದ ಮನೆಯ ಗೇಟಿಗೆ ನಡಿಗೆಯ ದಾರಿ ಕೇಳಿ. ಈ ಅಳತೆಗಳನ್ನು ಇಟ್ಟುಕೊಳ್ಳಿ:

- ಹಾಲು, ದಿನಸಿ, ತರಕಾರಿ, ಮೆಡಿಕಲ್ ಶಾಪ್: 400 ಮೀಟರ್ ಒಳಗೆ
- ಬಸ್ ಸ್ಟಾಪ್: 500 ಮೀಟರ್ ಒಳಗೆ
- ಮೆಟ್ರೋ: 800 ಮೀಟರ್, ಹೆಚ್ಚೆಂದರೆ 1 ಕಿಲೋಮೀಟರ್
- ಕ್ಲಿನಿಕ್, ಪಾರ್ಕ್, ಒಂದು ಒಳ್ಳೆಯ ದರ್ಶಿನಿ: 800 ಮೀಟರ್

ಸಮತಟ್ಟಾದ ದಾರಿಯಲ್ಲಿ ಸಾಧಾರಣ ನಡಿಗೆಗೆ ನಿಮಿಷಕ್ಕೆ 80 ಮೀಟರ್ ಸಾಗುತ್ತದೆ. ಅಂದರೆ 400 ಮೀಟರ್‌ಗೆ 5 ನಿಮಿಷ, 800ಕ್ಕೆ 10. ನಮ್ಮ ಫುಟ್‌ಪಾತ್‌ಗಳಲ್ಲಿ ಹತ್ತಿ ಇಳಿದು ಹೋಗುವುದರಿಂದ ಮ್ಯಾಪ್ ತೋರಿಸಿದ ಹೊತ್ತಿಗೆ ಐದರಲ್ಲಿ ಒಂದು ಪಾಲು ಸೇರಿಸಿ. ಸಿಗ್ನಲ್ ಇಲ್ಲದ ದೊಡ್ಡ ರಸ್ತೆ ದಾಟಬೇಕಿದ್ದರೆ ಪ್ರತಿ ದಾಟಿಗೆ ಇನ್ನೂ ಎರಡು ಮೂರು ನಿಮಿಷ. ತರಕಾರಿಗೆ 400 ಮೀಟರ್ ಎಂದದ್ದು ಸುಮ್ಮನೆ ಅಲ್ಲ. ಐದು ಕೆಜಿ ಚೀಲ ಹಿಡಿದು ಅದಕ್ಕಿಂತ ದೂರ ಬರುವುದಾದರೆ ಎರಡನೇ ವಾರಕ್ಕೇ ಕೈ ಮೊಬೈಲ್ ಆ್ಯಪ್ ಕಡೆ ಹೋಗುತ್ತದೆ.

ಮ್ಯಾಪ್ ಮೋಸ ಮಾಡುವ ಜಾಗಗಳೂ ಇವೆ. ರೈಲ್ವೆ ಹಳಿ, ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ), ಕೆರೆ, ಸೇನೆಯ ಕಾಂಪೌಂಡ್ ಅಡ್ಡ ಬಂದರೆ ಎದುರಿಗೇ ಕಾಣುವ ಜಾಗಕ್ಕೆ ಎರಡು ಕಿಲೋಮೀಟರ್ ಸುತ್ತಬೇಕು. ಗೇಟ್ ಹಾಕಿದ ಬಡಾವಣೆಯೊಳಗಿನಿಂದ ಮ್ಯಾಪ್ ದಾರಿ ತೋರಿಸಬಹುದು, ಸೆಕ್ಯೂರಿಟಿಯವರು ಬಿಡುವುದಿಲ್ಲ ಅಥವಾ ರಾತ್ರಿ ಹತ್ತಕ್ಕೆ ಬೀಗ ಹಾಕುತ್ತಾರೆ. ಬೀದಿಯ ಚಿತ್ರ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ 2022ರಲ್ಲಿ ಭಾರತದಲ್ಲಿ ಶುರುವಾದಾಗ ಮೊದಲ ಹತ್ತು ನಗರಗಳಲ್ಲಿ ಬೆಂಗಳೂರೂ ಇತ್ತು, ಈಗ ಅಡ್ಡರಸ್ತೆಗಳವರೆಗೂ ಸಿಗುತ್ತದೆ. ಊರಲ್ಲೇ ಕೂತು ಆ ಇಡೀ ದಾರಿಯನ್ನು ಒಮ್ಮೆ ನೋಡಿ. ಚಿತ್ರ ಯಾವ ತಿಂಗಳಿನದು ಎಂಬುದನ್ನೂ ಗಮನಿಸಿ, ಎರಡು ವರ್ಷದಲ್ಲಿ ಫುಟ್‌ಪಾತ್ ಹುಟ್ಟಿರಲೂಬಹುದು, ಮಾಯವಾಗಿರಲೂಬಹುದು.

ಮೂರನೆಯದು: ರಸ್ತೆಗಳ ಹೆಣಿಗೆ ಓದಿ

ಮ್ಯಾಪನ್ನು ಸ್ವಲ್ಪ ದೂರ ಸರಿಸಿ ರಸ್ತೆಗಳ ಆಕಾರ ನೋಡಿ. ಮೇನ್, ಕ್ರಾಸ್ ಎಂದು ಚೌಕಚೌಕವಾಗಿ ಹೆಣೆದುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಒಂದು ಕ್ರಾಸ್‌ನಲ್ಲಿ ಪೈಪ್ ಹಾಕಲು ಅಗೆದಿದ್ದರೆ ಪಕ್ಕದ ಕ್ರಾಸ್‌ನಲ್ಲಿ ಹೋಗಬಹುದು, ಗಾಡಿಗಳ ಗದ್ದಲದ ಮೇನ್ ರೋಡ್ ಬಿಟ್ಟು ಮರದ ನೆರಳಿನ ಒಳರಸ್ತೆ ಹಿಡಿಯಬಹುದು. ಬಸವನಗುಡಿ, ಮಲ್ಲೇಶ್ವರಗಳನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೊಸದಾಗಿ ರೂಪಿಸಿದ್ದು, 1898ರ ಪ್ಲೇಗ್‌ನ ಬಳಿಕ ಅವು ಬೆಳೆದವು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಕಾರು ಮನೆಮನೆಗೂ ಬರುವ ಮೊದಲೇ ಇವು ಹುಟ್ಟಿದ್ದರಿಂದ ಮಾರುಕಟ್ಟೆ, ಶಾಲೆ, ದೇವಸ್ಥಾನ, ಪಾರ್ಕುಗಳನ್ನು ಕಾಲ್ನಡಿಗೆಯ ಅಳತೆಯಲ್ಲೇ ಇಟ್ಟಿದ್ದಾರೆ. ಮಲ್ಲೇಶ್ವರದ 8ನೇ ಕ್ರಾಸ್, ಗಾಂಧಿ ಬಜಾರ್, ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್ ಸುತ್ತ ಇವತ್ತಿಗೂ ಅದು ಕಾಣುತ್ತದೆ.

ಇದಕ್ಕೆ ಎದುರು, ಹಳೆಯ ಹಳ್ಳಿ ದಾರಿಗೆ ಅಂಟಿಕೊಂಡು ಒಂದರ ಪಕ್ಕ ಒಂದು ಅಪಾರ್ಟ್‌ಮೆಂಟ್ ಎದ್ದ ಜಾಗಗಳು. ಸರ್ಜಾಪುರ ರಸ್ತೆಯ ಒಳಗಿನ ಕಸವನಹಳ್ಳಿ, ಹೊರವರ್ತುಲ ರಸ್ತೆಯ ಒಳಗಿನ ಪಾಣತ್ತೂರು ಕಡೆ ಇಂಥವು ಬಹಳ. ಹೊರಗೆ ಬರಲು ಒಂದೇ ಕಿರಿದಾದ ರಸ್ತೆ, ಅದರಲ್ಲೇ ಶಾಲಾ ಬಸ್ಸು, ನೀರಿನ ಟ್ಯಾಂಕರ್, ಸಿಮೆಂಟ್ ಮಿಕ್ಸರ್. ನಡೆಯುವವರಿಗೆ ಬದಿಯೇ ಇಲ್ಲ. ಫ್ಲಾಟ್ ಒಳಗೆ ಎಷ್ಟೇ ಚೆನ್ನಾಗಿರಲಿ, ಗಾಡಿ ಇಲ್ಲದವರಿಗೆ ಇಂಥ ಜಾಗ ಬೇಡ ಎಂದೇ ನಮ್ಮ ಸಲಹೆ.

ಹಳೆಯ ಬಡಾವಣೆ ಎಂದರೆ ದುಬಾರಿ ಎಂದು ಹಿಂಜರಿಯಬೇಡಿ. ವಿಜಯನಗರ, ರಾಜಾಜಿನಗರ, ಹನುಮಂತನಗರ, ಶ್ರೀನಗರಗಳಲ್ಲಿ ಲಿಫ್ಟ್ ಇಲ್ಲದ ಮೂರು ಮಹಡಿಯ ಕಟ್ಟಡಗಳಲ್ಲಿ ಸಾಧಾರಣ ಬಾಡಿಗೆಯ ಮನೆಗಳು ಸಿಗುತ್ತವೆ. ವಿಜಯನಗರವನ್ನಂತೂ ಹೊಸಬರು ಸುಮ್ಮನೆ ಕೈಬಿಡುತ್ತಾರೆ. ಮೆಟ್ರೋ, ಬಸ್ಸು, ಮಾರುಕಟ್ಟೆ ಮೂರೂ ಕಾಲಳತೆಯಲ್ಲಿರುವ ಅಂಥ ಜಾಗ ಈ ಊರಲ್ಲಿ ಹೆಚ್ಚಿಲ್ಲ. ಇಂದಿರಾನಗರದಲ್ಲಿ ಎಲ್ಲವೂ ಹತ್ತಿರ, ಆದರೆ 100 ಅಡಿ ರಸ್ತೆಯ ಹಿಂದಿನ ಬೀದಿಗಳಲ್ಲಿ ರಾತ್ರಿಯ ಸದ್ದನ್ನು ಕೇಳಿ ನೋಡಿಯೇ ತೀರ್ಮಾನಿಸಿ.

ನಾಲ್ಕನೆಯದು: ಕಾಲಿಂದ ಪರೀಕ್ಷೆ

ಎರಡು ಅಥವಾ ಮೂರು ಜಾಗ ಉಳಿದ ಮೇಲೆ ಬೆಂಗಳೂರಿಗೆ ಬನ್ನಿ. ಭಾನುವಾರ ಬೆಳಿಗ್ಗೆ ಬ್ರೋಕರ್ ಸ್ಕೂಟರಿನ ಹಿಂದೆ ಕೂತು ನೋಡಿದರೆ ಯಾವ ಬೀದಿಯೂ ಸೊಗಸೇ. ಕೆಲಸದ ದಿನ ಬೆಳಿಗ್ಗೆ 8:30ರಿಂದ 9:30ರ ನಡುವೆ ಒಮ್ಮೆ, ಸಂಜೆ 7ಕ್ಕೆ ಒಮ್ಮೆ, ರಾತ್ರಿ 9:30ರ ಮೇಲೆ ಒಮ್ಮೆ, ನಿಲ್ದಾಣದಿಂದ ಆ ಗೇಟಿನವರೆಗೆ ನಡೆಯಿರಿ. ಮಳೆ ಬಂದ ಮರುದಿನ ಇನ್ನೊಮ್ಮೆ ಸಾಧ್ಯವಾದರೆ ಇನ್ನೂ ಒಳ್ಳೆಯದು. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಬಂದವರಿಗೆ ಆ ಅವಕಾಶ ತಾನಾಗಿಯೇ ಸಿಗುತ್ತದೆ.

ಕಣ್ಣು ಮೊದಲು ಕಾಲಬುಡದಲ್ಲಿರಲಿ. ಬೆಂಗಳೂರಿನ ಫುಟ್‌ಪಾತ್ ಅಂದರೆ ಬಹುಪಾಲು ಮಳೆನೀರಿನ ಮೋರಿಯ ಮೇಲೆ ಹಾಸಿದ ಚಪ್ಪಡಿ. ಮೋರಿ ಹೂಳೆತ್ತಲು ಚಪ್ಪಡಿ ಎಬ್ಬಿಸುತ್ತಾರೆ, ವಾಪಸು ಕೂರಿಸುವಾಗ ಒಂದು ಮೂಲೆ ಎತ್ತರವಾಗುತ್ತದೆ ಅಥವಾ ಒಂದು ಚಪ್ಪಡಿ ಮುರಿದು ಹಾಗೇ ಉಳಿಯುತ್ತದೆ. ಕಾಲಿಟ್ಟಾಗ ಟೊಕ್ ಎಂದು ಅಲುಗುವ ಚಪ್ಪಡಿ ಇವತ್ತಲ್ಲ ನಾಳೆ ಕುಸಿಯುತ್ತದೆ, ಮಳೆಯಲ್ಲಿ ಅದರ ಸಂದಿಯಿಂದ ಕೆಸರು ಪ್ಯಾಂಟಿಗೆ ಚಿಮ್ಮುತ್ತದೆ. ನಿಮ್ಮ ದಾರಿಯಲ್ಲಿ ತೆರೆದ ಗುಂಡಿ ಎಷ್ಟು, ಅಲುಗುವ ಚಪ್ಪಡಿ ಎಷ್ಟು ಎಂದು ಎಣಿಸಿ. 500 ಮೀಟರಿನಲ್ಲಿ ಐದಾರು ಸಲ ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯಬೇಕಾದರೆ ನೀವು ದಿನವೂ ರಸ್ತೆಯಲ್ಲೇ ನಡೆಯುತ್ತೀರಿ ಎಂದರ್ಥ. ಆಗ ಆ ರಸ್ತೆಯಲ್ಲಿ ಗಾಡಿಗಳು ಎಷ್ಟು ವೇಗದಲ್ಲಿ ಬರುತ್ತವೆ ಎಂಬುದೇ ಮುಖ್ಯ. ನಿಧಾನಕ್ಕೆ ಗಾಡಿ ಬರುವ 30 ಅಡಿಯ ಕ್ರಾಸ್ ರಸ್ತೆಗೆ ಫುಟ್‌ಪಾತ್ ಇಲ್ಲದಿದ್ದರೂ ನಡೆಯಬಹುದು. ವೇಗದ ಮೇನ್ ರೋಡಿಗೆ ಫುಟ್‌ಪಾತ್ ಇಲ್ಲವೆಂದರೆ ಆ ಮನೆ ಬಿಟ್ಟುಬಿಡಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಂತೆ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಫುಟ್‌ಪಾತ್ ರಸ್ತೆಯಿಂದ 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು. ಟೇಪ್ ಹಿಡಿದು ಅಳೆಯಬೇಕಿಲ್ಲ. ಇಬ್ಬರು ಭುಜ ತಾಗಿಸದೆ ಅಕ್ಕಪಕ್ಕ ನಡೆಯಲು ಆದರೆ ಅಗಲ ಸಾಕು. ಮೊಣಕಾಲು ಎತ್ತಿ ಹತ್ತಬೇಕಾದರೆ ಅಮ್ಮ ಅಪ್ಪನಿಗೆ ಅದು ಆಗದ ದಾರಿ. ಹೀಗೆ ಒಪ್ಪವಾಗಿ ಕಟ್ಟಿದ್ದು ಹೇಗಿರುತ್ತದೆ ಎಂದು ತಿಳಿಯಲು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮರುನಿರ್ಮಿಸಿದ ರೆಸಿಡೆನ್ಸಿ ರಸ್ತೆ ಅಥವಾ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ, ಕಣ್ಣಿಗೆ ಒಂದು ಅಳತೆ ಸಿಗುತ್ತದೆ.

ರಸ್ತೆ ದಾಟುವ ಜಾಗವನ್ನು ಬೇರೆಯಾಗಿಯೇ ಪರೀಕ್ಷಿಸಿ. ಮನೆ ಮೇನ್ ರೋಡಿನ ಯಾವ ಬದಿಗಿದೆ, ನಿಲ್ದಾಣದ ಮೆಟ್ಟಿಲು ಯಾವ ಬದಿಗಿದೆ? ಎತ್ತರಿಸಿದ ಮೆಟ್ರೋ ನಿಲ್ದಾಣಗಳಲ್ಲಿ ಹಲವಕ್ಕೆ ರಸ್ತೆಯ ಎರಡೂ ಬದಿ ಮೆಟ್ಟಿಲಿರುತ್ತದೆ, ಅಂಥಲ್ಲಿ ನಿಲ್ದಾಣವೇ ಸ್ಕೈವಾಕ್ ಆಗಿ ಒದಗುತ್ತದೆ. ಬೆಳಿಗ್ಗೆ ಬಸ್ಸು ಹತ್ತುವ ಬದಿ ಸಲೀಸಾಗಿದ್ದು, ಸಂಜೆ ಇಳಿಯುವ ಬದಿಯಲ್ಲಿ ಮೀಡಿಯನ್ ಬೇಲಿ ಹಾಕಿದ್ದರೆ ಅರ್ಧ ಕಿಲೋಮೀಟರ್ ಹೆಚ್ಚು ನಡೆಯಬೇಕಾಗುತ್ತದೆ. ಹೋಗುವುದು ಬರುವುದು ಎರಡನ್ನೂ ನಡೆದು ನೋಡಿ ಎನ್ನುವುದು ಅದಕ್ಕೇ.

ರಾತ್ರಿಯ ನಡಿಗೆಯಲ್ಲಿ ಬೀದಿದೀಪ ಇದೆಯೇ ಎಂದಷ್ಟೇ ನೋಡಿದರೆ ಸಾಲದು, ಮರದ ಕೊಂಬೆ ಬೆಳಕನ್ನು ಮರೆ ಮಾಡಿದೆಯೇ ಎಂದೂ ನೋಡಿ. ಹೂವಿನ ಗಾಡಿ, ಹಣ್ಣಿನ ಗಾಡಿ, ಹತ್ತರವರೆಗೆ ತೆರೆದಿರುವ ಮೆಡಿಕಲ್ ಶಾಪ್ ಇರುವ ಬೀದಿ, ದೀಪ ಹೆಚ್ಚಿದ್ದೂ ಜನರಿಲ್ಲದ ಬೀದಿಗಿಂತ ಹೆಂಗಸರಿಗೆ ಕ್ಷೇಮ. ನಿಲ್ದಾಣದಿಂದ ಮನೆಗೆ ಕೊನೆಯ 300 ಮೀಟರ್ ಉದ್ದಕ್ಕೂ ಕಾಂಪೌಂಡ್ ಗೋಡೆಯೇ ಇದ್ದರೆ ಯೋಚಿಸಿ. ಕಸ ಸುರಿಯುವ ಮೂಲೆ, ಕೋಳಿ ಅಂಗಡಿ ಇದ್ದಲ್ಲಿ ರಾತ್ರಿ ನಾಯಿಗಳ ಗುಂಪು ಕೂಡುತ್ತದೆ. ಹಗಲಲ್ಲಿ ಅದು ಗೊತ್ತೇ ಆಗುವುದಿಲ್ಲ.

ಮಳೆ ನೀರಿನ ವಿಷಯ ಮಾಲೀಕರನ್ನು ಕೇಳಬೇಡಿ, ಮೂಲೆಯ ಇಸ್ತ್ರಿ ಗಾಡಿಯವರನ್ನು ಕೇಳಿ. ಅವರು ದಿನವಿಡೀ ಅಲ್ಲೇ ನಿಂತಿರುತ್ತಾರೆ. "ಅಣ್ಣಾ, ಜೋರು ಮಳೆ ಬಂದ್ರೆ ಇಲ್ಲಿ ನೀರು ಎಲ್ಲೀತನಕ ಬರತ್ತೆ?" ಎಂದರೆ ಕೈ ಮಾಡಿ ತೋರಿಸಿಬಿಡುತ್ತಾರೆ. ಬೇಸ್‌ಮೆಂಟ್ ಪಾರ್ಕಿಂಗ್ ಬಾಯಿಗೆ ಅಡಿ ಎತ್ತರದ ಕಟ್ಟೆ ಕಟ್ಟಿದ್ದರೆ, ಕಾಂಪೌಂಡ್ ಗೋಡೆಗಳಲ್ಲಿ ಒಂದೇ ಮಟ್ಟದ ಕೆಸರು ಗೆರೆ ಇದ್ದರೆ ಅಲ್ಲಿ ನೀರು ನುಗ್ಗಿದೆ ಎಂದೇ ಲೆಕ್ಕ. ಕೋರಮಂಗಲದ ಎಸ್.ಟಿ. ಬೆಡ್ ಬಡಾವಣೆಯಂತೆ ಹಳೆಯ ಕೆರೆಯಂಗಳದಲ್ಲಿ ಎದ್ದ ಜಾಗಗಳು, ರಾಜಕಾಲುವೆಯ ಅಂಚು, ಎರಡಕ್ಕೂ ಈ ಎಚ್ಚರ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಭಾಗದಲ್ಲಿ ಕೋಟಿ ಬೆಲೆಯ ಮನೆಯವರನ್ನೂ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತರಬೇಕಾಯಿತು.

ಐದನೆಯದು: ಗೇಟಿನ ಒಳಗಿನ ದೂರ

ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಕೊನೆಯ ಟವರ್‌ನಿಂದ ಮುಖ್ಯ ಗೇಟಿಗೇ 400 ಮೀಟರ್ ಇರಬಹುದು. ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟಿಗೆ ಕಾಯುವ ಹೊತ್ತು ಬೇರೆ. ಹತ್ತು ನಿಮಿಷ ಕಳೆದರೂ ನೀವಿನ್ನೂ ರಸ್ತೆಗೇ ಬಂದಿರುವುದಿಲ್ಲ. ಹಿಂಬದಿಯಲ್ಲಿ ನಡೆಯುವವರಿಗೆಂದು ಸಣ್ಣ ಗೇಟಿದೆಯೇ, ಅದನ್ನು ಎಷ್ಟು ಹೊತ್ತಿನವರೆಗೆ ತೆರೆದಿಡುತ್ತಾರೆ ಎಂದು ಕೇಳಿ. ಸಣ್ಣ ಕಟ್ಟಡದ ಎರಡನೇ ಮಹಡಿ, ನಮ್ಮ ಲೆಕ್ಕದಲ್ಲಿ, ನಡೆಯುವವರಿಗೆ ಅತ್ಯುತ್ತಮ.

ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯೇ ನೋಡಿ. ಮುಹೂರ್ತದ ದಿನಗಳಲ್ಲಿ ಇಡೀ ಕ್ರಾಸ್‌ನ ಎರಡೂ ಬದಿ ಕಾರು ನಿಲ್ಲುತ್ತದೆ, ನಡೆಯಲು ಜಾಗ ಇರುವುದಿಲ್ಲ.

ನೀರಿನ ಸಂಗತಿ ಇಲ್ಲೇ ಮುಗಿಸಿಕೊಳ್ಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ದೊಡ್ಡದು, ಬೋರ್‌ವೆಲ್ ಬೇಸಿಗೆಯಲ್ಲಿ ನಿಲ್ಲುತ್ತದೆಯೇ? 2024ರ ಬೇಸಿಗೆಯಲ್ಲಿ ಟ್ಯಾಂಕರ್ ನಂಬಿದವರು ಬಹಳ ಕಷ್ಟಪಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ 5ನೇ ಹಂತ ಚಾಲನೆಯಾಯಿತು, ಆದರೆ ಬಡಾವಣೆಗೆ ಪೈಪ್ ಬಂದ ಮಾತ್ರಕ್ಕೆ ಆ ಕಟ್ಟಡಕ್ಕೆ ಸಂಪರ್ಕ ಇದೆ ಎಂದಾಗುವುದಿಲ್ಲ. ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಿ ಎಂದು ಕೇಳಿ.

ಆರನೆಯದು: ಬಾಡಿಗೆಯನ್ನು ದಾರಿಖರ್ಚಿನ ಜತೆ ಕೂಡಿಸಿ

ನಿಲ್ದಾಣದಿಂದ 600 ಮೀಟರ್ ದೂರದ ಮನೆಗೆ 24,000 ರೂಪಾಯಿ ಬಾಡಿಗೆ, 2.5 ಕಿಲೋಮೀಟರ್ ದೂರದ್ದಕ್ಕೆ 21,500 ಎಂದಿಟ್ಟುಕೊಳ್ಳಿ. 2025ರ ಆಗಸ್ಟ್‌ನಿಂದ ಆಟೋ ಮೀಟರ್ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹಾಗಾದರೆ ಒಂದು ಸಲಕ್ಕೆ 45, ದಿನಕ್ಕೆ 90, ತಿಂಗಳಿಗೆ 24 ದಿನ ಹಿಡಿದರೆ 2,160. ಉಳಿದದ್ದು 340 ರೂಪಾಯಿ. ಅದೂ ಮೀಟರ್ ಹಾಕಿದರೆ, ಅಷ್ಟು ಹತ್ತಿರಕ್ಕೆ ಆಟೋದವರು ಬಂದರೆ. ಮೆಟ್ರೋ ಟಿಕೆಟ್ ಎರಡೂ ಮನೆಗೆ ಒಂದೇ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಅದು ದೂರಕ್ಕೆ ತಕ್ಕಂತೆ 10ರಿಂದ 90 ರೂಪಾಯಿ ಆಯಿತು.

ಹೆಂಗಸರಿಗೆ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ, ವಜ್ರ, ವಾಯುವಜ್ರದಂಥ ಎ.ಸಿ. ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಬಸ್ಸು ಮೇಲಿಂದ ಮೇಲೆ ಬರುವ ಸ್ಟಾಪ್ ಪಕ್ಕದ ಮನೆ ಮೆಟ್ರೋ ಪಕ್ಕದ ಮನೆಗಿಂತ ಲಾಭವಾಗಬಹುದು. ಬೋರ್ಡ್ ನೋಡಿ ನಂಬಬೇಡಿ, ಬೆಳಿಗ್ಗೆ ಅರ್ಧ ಗಂಟೆ ಸ್ಟಾಪಿನಲ್ಲಿ ನಿಂತು ನಿಮ್ಮ ದಾರಿಯ ಬಸ್ಸು ಎಷ್ಟು ಬಂದವು, ಹತ್ತಲು ಜಾಗ ಇತ್ತೇ ಎಂದು ಎಣಿಸಿ.

ಮಕ್ಕಳಿದ್ದರೆ ಶಾಲೆ ಮೇನ್ ರೋಡ್ ದಾಟದೆ ಸಿಗಬೇಕು. ಅದನ್ನು ಬಿಟ್ಟುಕೊಡಬೇಡಿ.

ಕೊನೆಯದು: ಮನೆ ಹುಡುಕಿ ಕರಾರು ಮಾಡುವಾಗ

ಹಳೆಯ ಬಡಾವಣೆಗಳ ಎಷ್ಟೋ ಮನೆಗಳು ಆ್ಯಪ್‌ಗಳಿಗೆ ಬರುವುದೇ ಇಲ್ಲ, ಗೇಟಿಗೆ ಟು-ಲೆಟ್ ಬೋರ್ಡ್ ತೂಗುತ್ತದೆ ಅಷ್ಟೆ. ಹಾಗಾಗಿ ದಾರಿ ಪರೀಕ್ಷೆಗೆಂದು ನಡೆಯುವಾಗಲೇ ಕ್ರಾಸ್ ಕ್ರಾಸ್ ಸುತ್ತಿ ನಂಬರ್ ಬರೆದುಕೊಳ್ಳಿ, ದಿನಸಿ ಅಂಗಡಿಯಲ್ಲಿ, ನಂದಿನಿ ಬೂತಿನಲ್ಲಿ ವಿಚಾರಿಸಿ. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳುತ್ತಾರೆ.

ಆಗುವುದಾದರೆ ಅಡ್ವಾನ್ಸ್ ಕೊಡುವ ಮೊದಲು ಅದೇ ಬಡಾವಣೆಯ ಪಿಜಿಯಲ್ಲಿ ಎರಡು ವಾರ ಇದ್ದು ನೋಡಿ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವ ಹಳೆಯ ರೂಢಿ ಕೆಲವೆಡೆ ಇನ್ನೂ ಇದೆ, ಮಾತಾಡಿದರೆ ಐದಾರು ತಿಂಗಳಿಗೆ ಇಳಿಯುತ್ತದೆ. ಅಷ್ಟು ದುಡ್ಡು ಸಿಕ್ಕಿಕೊಂಡ ಮೇಲೆ ದಾರಿ ಸರಿಯಿಲ್ಲ ಎಂದು ಗೊತ್ತಾದರೆ ಬಿಟ್ಟು ಹೋಗುವುದು ಸುಲಭವಲ್ಲ. 11 ತಿಂಗಳ ಕರಾರಿನಲ್ಲಿ ಎಷ್ಟು ತಿಂಗಳೊಳಗೆ ಖಾಲಿ ಮಾಡುವಂತಿಲ್ಲ, ಎಷ್ಟು ದಿನ ಮುಂಚೆ ತಿಳಿಸಬೇಕು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು ಎಂಬ ಮೂರನ್ನೂ ಬರೆಸಿಕೊಳ್ಳಿ. ಖಾಲಿ ಮಾಡುವಾಗ ಬಣ್ಣ ಬಳಿಯುವ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ವಾಡಿಕೆ. ವರ್ಷದೊಳಗೆ ಬಿಟ್ಟರೆ ಅದರಲ್ಲಿ ಎಷ್ಟು ಕಡಿತ ಎಂಬುದನ್ನೂ ಸಹಿ ಹಾಕುವ ಮೊದಲೇ ಮಾತಾಡಿ ಕರಾರಿಗೆ ಸೇರಿಸಿ.